ಬೆನ್ನುನೋವಿನ ಹತ್ತೊಂಬತ್ತು ವಾಕ್ಯ

ನಮ್ಮ ಎಲುಬಿನ ವಿಭಾಗದಲ್ಲಿ ಒಂದು ಪದ್ಧತಿ ಇದೆ. ಗುರುತು ಹಾಕಬೇಕಾದ ಕಾಗದ ಯಾವುದೇ ಬರಲಿ, ಅದು ಸುತ್ತಿ ಸುತ್ತಿ ಕೊನೆಗೆ ನನ್ನ ಸ್ಟೂಲಿನ ಮೇಲೆ ಬಂದು ಬೀಳುತ್ತದೆ. ಕಕ್ಕಸು ತೊಳೆದ ಪಟ್ಟಿ, ಹಾಸಿಗೆ ಬಟ್ಟೆಯ ಪಟ್ಟಿ, ಬೆಂಕಿ ಆರಿಸುವ ಸಿಲಿಂಡರು ಇನ್ನೂ ಗೋಡೆಯ ಮೇಲೇ ಇದೆಯೇ ಎಂಬ ಪಟ್ಟಿ, ಎಲ್ಲದಕ್ಕೂ ನನ್ನದೇ ಪೆನ್ಸಿಲು. ನಾನು ಓದಿದ್ದು ಮೂರನೆಯ ಕ್ಲಾಸು. ಸಾಲಿನ ಕೆಳಗೆ ಬೆರಳಿಟ್ಟುಕೊಂಡು ಹೋದರೆ ಓದು ಬರುತ್ತದೆ, ಬೆರಳು ತೆಗೆದರೆ ಓದೂ ಹೋಗುತ್ತದೆ. ನನ್ನ ಕೆಲಸ ಟ್ರಾಲಿ ತಳ್ಳುವುದು. ಇಪ್ಪತ್ತೊಂಬತ್ತು ವರ್ಷ ತಳ್ಳಿದ್ದೇನೆ. ಟ್ರಾಲಿ ತಳ್ಳುವವನ ಮುಂದೆ ಡಾಕ್ಟರುಗಳು ಏನು ಬೇಕಾದರೂ ಮಾತಾಡುತ್ತಾರೆ. ಚಕ್ರಕ್ಕೆ ಕಿವಿ ಇರುವುದಿಲ್ಲವಲ್ಲ.

ಆ ಸಲ ಬಂದ ಕಾಗದ ಬೇರೆ ತರಹದ್ದು. ತನಗಿಂತ ದೊಡ್ಡ ಚೀಲ ಹೊತ್ತ ಒಬ್ಬ ಹೆಣ್ಣುಮಗಳು ತಂದಳು. ಸರ್ವೆ ಮೇಡಂ ಎಂದೇ ಎಲ್ಲರೂ ಕರೆದರು. ಬೆನ್ನು, ಕುತ್ತಿಗೆ, ಮೊಣಕಾಲು ನೋವಿನ ಬಗ್ಗೆ ಡಾಕ್ಟರುಗಳು ಏನು ನಂಬಿಕೊಂಡಿದ್ದಾರೆ ಎಂದು ಅಳೆಯುವುದು ಆಕೆಯ ಕೆಲಸವಂತೆ. ತಲೆಯಲ್ಲಿ ಇದ್ದದ್ದೇ ಬಾಯಿಗೆ ಬರುತ್ತದೆ, ಬಾಯಿಗೆ ಬಂದದ್ದೇ ರೋಗಿಯ ಬೆನ್ನಿಗೆ ಬೀಳುತ್ತದೆ ಎಂದಳು. ನನಗೆ ಒಳಗೊಳಗೇ ನಗು. ನಾಡಿ ಅಳೆಯುವುದು ನೋಡಿದ್ದೇನೆ, ಜ್ವರ ಅಳೆಯುವುದು ನೋಡಿದ್ದೇನೆ, ಉಚ್ಚೆ ಕೂಡ ಅಳೆಯುತ್ತಾರೆ. ಡಾಕ್ಟರ ತಲೆಗೆ ಟೇಪು ಹಿಡಿದವರನ್ನು ಅವತ್ತೇ ಮೊದಲು ಕಂಡದ್ದು.

ಫಾರಮಿನಲ್ಲಿ ಹತ್ತೊಂಬತ್ತು ವಾಕ್ಯ. ‘ನೋವು ಹೆಚ್ಚಾಯಿತೆಂದರೆ ಒಳಗೆ ಏನೋ ಹರಿದಿದೆ ಎಂದೇ ಅರ್ಥ.’ ‘ಬೆನ್ನುನೋವಿನವರು ನೋವು ಪೂರ್ತಿ ಹೋಗುವವರೆಗೂ ಬಗ್ಗಿ ಕೆಲಸ ಮಾಡಬಾರದು.’ ಇಂಥವು. ಒಂದೊಂದರ ಮುಂದೆಯೂ ಆರು ಚೌಕ, ಖಂಡಿತ ಒಪ್ಪುವುದಿಲ್ಲ ಎಂಬಲ್ಲಿಂದ ಖಂಡಿತ ಒಪ್ಪುತ್ತೇನೆ ಎಂಬಲ್ಲಿಯವರೆಗೆ. ಹನ್ನೊಂದು ಜನ ಡಾಕ್ಟರು, ಹನ್ನೊಂದು ಫಾರಂ. ಮೂರನೆಯ ದಿನಕ್ಕೆ ಹನ್ನೊಂದೂ ನನ್ನ ಸ್ಟೂಲಿನ ಮೇಲಿದ್ದವು. ಒಬ್ಬೊಬ್ಬರೂ ಕಳ್ಳಬೆಕ್ಕಿನ ಹಾಗೆ ಬಂದು, ಅಜ್ಜ ಏನಾದರೂ ಹಾಕಿಬಿಡು, ಯಾರಿಗೂ ಹೇಳಬೇಡ ಎಂದು ಇಟ್ಟುಹೋದರು.

ಏನಾದರೂ ಹಾಕುವ ಜಾತಿ ನನ್ನದಲ್ಲ. ಸಿಲಿಂಡರಿನ ಪಟ್ಟಿಗೂ ಎದ್ದು ಹೋಗಿ ಸಿಲಿಂಡರು ಮುಟ್ಟಿ ಬಂದೇ ಗುರುತು ಹಾಕುವವನು. ಬಟ್ಟೆ ಕೋಣೆಯಲ್ಲಿ ಕೂತು, ಇವರು ಇಷ್ಟು ವರ್ಷ ರೋಗಿಗಳಿಗೆ ಏನೇನು ಹೇಳಿದ್ದಾರೆ ಎಂದು ಒಂದೊಂದಾಗಿ ನೆನೆದುಕೊಂಡೆ. ಒಬ್ಬರಿಗೆ ಬೆಲ್ಟಪ್ಪ ಎಂದು ಹೆಸರು. ಮೇಜಿನ ಕಾಲು ಅಲ್ಲಾಡಿದರೂ ಸೊಂಟಕ್ಕೆ ಬೆಲ್ಟು ಬಿಗಿಯುವವರು. ಅವರಿಗೆ ಉದ್ದಕ್ಕೂ ಖಂಡಿತ ಒಪ್ಪುತ್ತೇನೆ. ವ್ಯಾಯಾಮದ ಡಾಕ್ಟರಮ್ಮ ಇದ್ದಾರೆ. ದಾರಿ ತಪ್ಪಿ ಹೆಣದ ಟ್ರಾಲಿ ಬಂದರೂ ಏಳಿ ಏಳಿ, ಹತ್ತು ಹೆಜ್ಜೆ ಹಾಕಿ ಅನ್ನುವವರು. ಅವರಿಗೆ ಉದ್ದಕ್ಕೂ ಖಂಡಿತ ಇಲ್ಲ. ಇನ್ನೊಬ್ಬ ಹೊಸ ಡಾಕ್ಟರದು, ಎದುರಿಗೆ ಯಾರು ನಿಂತರೆ ಅವರ ಅಭಿಪ್ರಾಯ. ನಡುವಿಗೆ ಹಾಕೋಣವೆಂದರೆ ಆರು ಚೌಕಕ್ಕೆ ನಡು ಎಲ್ಲಿಯದು? ಮೂರಕ್ಕೂ ನಾಲ್ಕಕ್ಕೂ ನಡುವಿನ ಗೆರೆಯ ಮೇಲೇ ಹಾಕಿದೆ.

ಕೊನೆಗೆ ದೊಡ್ಡ ಡಾಕ್ಟರ ಫಾರಂ ಉಳಿಯಿತು. ಅಲ್ಲಿ ಪೆನ್ಸಿಲು ನಿಂತುಬಿಟ್ಟಿತು.

ನನ್ನ ತಂಗಿಯ ವಿಷಯ ಇಲ್ಲಿ ಹೇಳಬೇಕು. ಮನೆಯಲ್ಲಿ ನಾವಿಬ್ಬರೇ. ಹನ್ನೊಂದು ವರ್ಷದ ಹಿಂದೆ ನೀರಿನ ಕೊಡ ಎತ್ತುವಾಗ ಅವಳ ಬೆನ್ನು ಹಿಡಿದುಕೊಂಡಿತು. ಟ್ರಾಲಿಯ ಮೇಲೆ ನಾನೇ ತಳ್ಳಿಕೊಂಡು ಬಂದೆ. ದೊಡ್ಡ ಡಾಕ್ಟರು ಎಕ್ಸರೇ ಫೋಟೋವನ್ನು ಬೆಳಕಿಗೆ ಹಿಡಿದು, ನಿನ್ನ ಬೆನ್ನೆಲುಬು ಹಳೆಯ ಸೀಮೆಸುಣ್ಣದ ಹಾಗಾಗಿದೆಯಮ್ಮ, ನಾನು ಹೇಳುವವರೆಗೂ ಬಗ್ಗಬೇಡ ಎಂದರು. ಚೀಟಿಯಲ್ಲೂ ಬರೆದರು. ಮುಂದಿನ ಸಲ ಹೋದಾಗ ಅವರು ರಜೆಯಲ್ಲಿದ್ದರು. ಅಲ್ಲಿದ್ದ ಚಿಕ್ಕ ಡಾಕ್ಟರು ಹಳೆಯ ಚೀಟಿ ನೋಡಿ ‘ಹಾಗೇ ಮುಂದುವರಿಸಿ’ ಎಂದು ಬರೆದ. ಅದರ ಮುಂದಿನವನೂ ಹಾಗೇ. ಹಾಡಿದ್ದೇ ಹಾಡೋ ಕಿಸಬಾಯಿದಾಸ. ನನ್ನ ತಂಗಿ ಹೇಳಿದ ಮಾತು ಮೀರುವವಳಲ್ಲ. ಬೆಲ್ಟು ಕಟ್ಟಿಕೊಂಡು, ಕೋಲಿನಂತೆ ನೆಟ್ಟಗೆ, ಮಂಚಕ್ಕೂ ಕುರ್ಚಿಗೂ ನಡುವೆ ಹನ್ನೊಂದು ವರ್ಷ ಕಳೆದಳು. ಬಿದ್ದದ್ದು ಎತ್ತುವವನು ನಾನು, ಕಸ ಗುಡಿಸುವವನು ನಾನು. ಮಂಚದ ಕೆಳಗೂ ಗುಡಿಸಿದೆಯಾ ಎಂದು ದಿನಾ ಕೇಳುತ್ತಾಳೆ. ಗುಡಿಸಿದೆ ಅನ್ನುತ್ತೇನೆ.

ಅವಳಿಗೆ ಚೀಟಿ ಕೊಟ್ಟ ಅದೇ ತಿಂಗಳು ದೊಡ್ಡ ಡಾಕ್ಟರ ಬೆನ್ನೂ ಹಿಡಿದುಕೊಂಡದ್ದು ನನಗೆ ಗೊತ್ತು. ಎರಡು ದಿನ ಬಾತುಕೋಳಿಯ ಹಾಗೆ ನಡೆದರು. ಮೂರನೆಯ ದಿನ ಕಾರಿನ ಚಕ್ರ ತಾವೇ ಬದಲಾಯಿಸಿದರು. ಒಂದು ವಾರಕ್ಕೆ ಆಸ್ಪತ್ರೆಯ ಹಿಂದಿನ ಅಂಗಳದಲ್ಲಿ ಶಟಲ್ ಆಡುತ್ತಿದ್ದರು. ಬಿದ್ದ ಶಟಲ್ ಬಗ್ಗಿ ಬಗ್ಗಿ ತಾವೇ ಎತ್ತುತ್ತಿದ್ದರು. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ. ಫಾರಮಿಗೆ ಯಾವುದನ್ನು ಬರೆಯಲಿ? ತುಂಬ ಹೊತ್ತು ಕೂತು, ಪ್ರತಿ ಸಾಲಿಗೂ ಎರಡೆರಡು ಗುರುತು ಹಾಕಿದೆ. ಒಂದು ಬಾಯಿಯದು, ಒಂದು ಮೈಯದು.

ನಾಲ್ಕು ದಿನಕ್ಕೆ ಸರ್ವೆ ಮೇಡಂ ಬಟ್ಟೆ ಕೋಣೆಗೇ ಬಂದಳು. ಹನ್ನೊಂದು ಫಾರಮಿನ ಗುರುತೂ ಒಂದೇ ಕೈಯದು, ಒಂದೇ ಪೆನ್ಸಿಲಿನದು ಎಂದು ಹಿಡಿದುಬಿಟ್ಟಿದ್ದಳು. ಸುಳ್ಳು ಹೇಳಿ ಅಭ್ಯಾಸ ನನಗೆ ಮಂಚದ ಕೆಳಗಿನ ಮಟ್ಟಿಗೆ ಮಾತ್ರ. ಎಲ್ಲ ಒಪ್ಪಿಕೊಂಡೆ. ಆಕೆಯ ಮುಖ ಒಂದು ಸಲ ಬಾಡಿತು. ಇವು ಲೆಕ್ಕಕ್ಕೆ ಬರುವುದಿಲ್ಲ, ಇನ್ನು ಒಬ್ಬೊಬ್ಬರನ್ನೂ ಎದುರಿಗೆ ಕೂರಿಸಿಯೇ ಬರೆಸಬೇಕು ಎಂದಳು. ಆಮೇಲೆ ಎರಡೆರಡು ಗುರುತಿನ ಫಾರಂ ಎತ್ತಿ ತೋರಿಸಿದಳು.

“ಇದೇನಜ್ಜ ಇದು? ಈ ಡಾಕ್ಟ್ರು ಯಾವ ಕಡೆ?”

ತಂಗಿಯ ಕತೆ, ಶಟಲ್ ಕತೆ, ಎರಡೂ ಹೇಳಿದೆ. ಆಕೆ ನಗಲಿಲ್ಲ. ದೊಡ್ಡ ಡಾಕ್ಟರ ಕೋಣೆಗೆ ಬನ್ನಿ ಎಂದು ಎದ್ದಳು. ನನ್ನ ಕಾಲು ಬರುವುದಿಲ್ಲ ಎಂದಿತು. ಇಪ್ಪತ್ತೊಂಬತ್ತು ವರ್ಷದಲ್ಲಿ ಆ ಕೋಣೆಗೆ ಟ್ರಾಲಿ ಇಲ್ಲದೆ ನಾನು ಹೋದವನಲ್ಲ.

ದೊಡ್ಡ ಡಾಕ್ಟರು ಫಾರಂ ನೋಡಿ ಮೊದಲು ನನ್ನ ಮೇಲೆ ಕಣ್ಣು ಬಿಟ್ಟರು. ಇದು ತಮಾಷೆಯೋ ಎಂದರು. ನಾನು ಕೈಕಟ್ಟಿ ನಿಂತು ಹೇಳಿದೆ.

“ತಮಾಷೆ ಅಲ್ಲ ಸಾರ್. ತಾವು ಹೇಳೋದು ಒಂದು ಕಡೆ ಬರುತ್ತೆ, ಮಾಡೋದು ಇನ್ನೊಂದು ಕಡೆ ಬರುತ್ತೆ. ಯಾವ್ದು ಅಳಿಸ್ಲಿ ಹೇಳಿ, ಅಳಿಸ್ತೀನಿ. ನನ್ ತಂಗಿ ಮಾತ್ರ ಇನ್ನೂ ಹೇಳಿದ್ದನ್ನೇ ಮಾಡ್ತಾ ಇದಾಳೆ.”

“ಯಾವ ತಂಗಿ?”

ಹೇಳಿದೆ. ಸೀಮೆಸುಣ್ಣದ ಮಾತನ್ನೂ ಹೇಳಿದೆ.

“ಅದು ಆರು ವಾರಕ್ಕೆ ಹೇಳಿದ್ದಲ್ವೇನೋ!”

“ನಾನು ಹೇಳೋವರ್ಗೂ ಅಂದಿದ್ರಿ ಸಾರ್. ತಾವು ಹೇಳ್ಲಿಲ್ಲ.”

ಸರ್ವೆ ಮೇಡಂ ಕಿಟಕಿಯ ಆಚೆ ನೋಡುತ್ತಿದ್ದಳು. ದೊಡ್ಡ ಡಾಕ್ಟರು ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಒರೆಸಿದರು. ಸೀಮೆಸುಣ್ಣ ಅಂತ ನಾನು ಎಲ್ಲರಿಗೂ ಹೇಳುತ್ತಿದ್ದೆನಲ್ಲ ಎಂದು ತಮ್ಮಷ್ಟಕ್ಕೇ ಅಂದುಕೊಂಡರು. ಹೌದು ಸಾರ್, ಎಲ್ಲರಿಗೂ ಎಂದೆ. ನಾಳೆ ಬೆಳಿಗ್ಗೆ ಅವಳನ್ನು ಕರೆದುಕೊಂಡು ಬಾ ಎಂದರು.

ತಂಗಿ ಟ್ರಾಲಿಯ ಮೇಲೆ ರಾಣಿಯ ಹಾಗೆ ಬಂದಳು. ದೊಡ್ಡ ಡಾಕ್ಟರು ಅವಳ ಕಾಲು ಎತ್ತಿಸಿ, ಬೆನ್ನು ತಟ್ಟಿ, ಹಳೆಯ ಫೋಟೋ, ಹೊಸ ಫೋಟೋ ಎರಡನ್ನೂ ಪಕ್ಕಪಕ್ಕ ಹಿಡಿದು ನೋಡಿದರು. ಇದು ಸೀಮೆಸುಣ್ಣ ಅಲ್ಲಮ್ಮ, ವಯಸ್ಸು, ನನ್ನದು ತೆಗೆಸಿದರೂ ಹೀಗೇ ಬರುತ್ತದೆ ಎಂದರು. ಮೊದಲು ಸ್ವಲ್ಪ ನೋಯುತ್ತದೆ, ನೋವಾದರೆ ಏನೋ ಮುರಿಯಿತೆಂದು ಅಲ್ಲ, ದಿನಾ ಸ್ವಲ್ಪ ಸ್ವಲ್ಪ ಬಗ್ಗು, ವ್ಯಾಯಾಮದ ಡಾಕ್ಟರಮ್ಮ ಹೇಳಿಕೊಡುತ್ತಾರೆ ಎಂದರು. ತಪ್ಪಾಯಿತು ಎಂದೂ ಅಂದರು, ಗಂಟಲಿನಿಂದ ಆಚೆಗೆ ಅರ್ಧವೇ ಬಂತು.

ತಂಗಿ ಅಲ್ಲಾಡಲಿಲ್ಲ.

“ಬಗ್ಗಬೇಡ ಅನ್ನೋದನ್ನ ಬರ್ದುಕೊಟ್ಟಿದ್ರಿ. ಬಗ್ಗು ಅನ್ನೋದನ್ನೂ ಬರ್ದುಕೊಡಿ.”

ಚೀಟಿಯಲ್ಲಿ ಒಂದೇ ಪದ ಬರೆದು ಸಹಿ ಹಾಕಿದರು: ‘ಬಗ್ಗಬಹುದು’. ಅವಳು ಅದನ್ನು ಮಡಚಿ ಮುಷ್ಟಿಯಲ್ಲಿಟ್ಟುಕೊಂಡಳು. ವ್ಯಾಯಾಮದ ಡಾಕ್ಟರಮ್ಮನ ಹತ್ತಿರ ಮೂರು ವಾರ ಹೋದಳು. ಮೊದಲ ವಾರ ಬೈದಳು, ಎರಡನೆಯ ವಾರ ಅತ್ತಳು, ಮೂರನೆಯ ವಾರ ಬೆಲ್ಟನ್ನು ಬಾಗಿಲ ಮೊಳೆಗೆ ನೇತುಹಾಕಿದಳು.

ಮಾರನೆಯ ಬೆಳಿಗ್ಗೆ ನಾನು ಕೆಲಸಕ್ಕೆ ಹೊರಡುತ್ತಿದ್ದೆ. ಅವಳು ಮಂಚದ ಅಂಚು ಹಿಡಿದುಕೊಂಡಳು, ಒಂದು ಮೊಣಕಾಲು ಊರಿದಳು, ಇನ್ನೊಂದನ್ನೂ ಊರಿದಳು. ಮುಖ ಕಿವುಚಿಕೊಂಡೇ ಬಗ್ಗಿದಳು. ನಾನು ಮೆಟ್ಟಿದ ಚಪ್ಪಲಿ ಬಿಟ್ಟು ಹಿಂದಕ್ಕೆ ಬಂದೆ. ತಲೆ ಮಂಚದ ಕೆಳಗೆ ಹೋಯಿತು. ತುಂಬ ಹೊತ್ತು ಅಲ್ಲೇ ಇತ್ತು. ಒಳಗಿನಿಂದ ಒಂದು ಬಾಚಣಿಗೆ ಬಂತು, ಒಂಟಿ ಚಪ್ಪಲಿ ಬಂತು, ನಾವು ಎಂದೋ ಕಳೆದುಹೋಯಿತೆಂದು ಕೈಬಿಟ್ಟ ಸೌಟು ಬಂತು, ಅದರ ಹಿಂದೆ ಕಂಬಳಿಯಷ್ಟು ದಪ್ಪದ ಧೂಳು ಬಂತು.

ತಲೆ ಹೊರಗೆ ಬಂದಾಗ ಮೂಗಿನ ತುದಿಯಲ್ಲಿ ಜೇಡರ ಬಲೆ ಅಂಟಿತ್ತು.

“ಅಣ್ಣಾ,” ಎಂದಳು ನಿಧಾನವಾಗಿ, “ದಿನಾ ಗುಡಿಸ್ತೀನಿ ಅಂದ್ಯಲ್ಲ. ಪೊರಕೆ ಕೊಡಿಲ್ಲಿ.”

ಕೊಟ್ಟೆ. ನಾಲ್ಕು ಗೀಟು ಎಳೆದು, ಸೊಂಟ ಹಿಡಿದುಕೊಂಡು, ಉಳಿದದ್ದು ನೀನೇ ಗುಡಿಸು, ನಾನು ಬಗ್ಗಿ ನೋಡುತ್ತೇನೆ ಎಂದಳು. ಅವತ್ತು ನಾನು ಕೆಲಸಕ್ಕೆ ಒಂದು ಗಂಟೆ ತಡವಾಗಿ ಹೋದೆ.