ಸೇತುವೆಯ ಆಚೆಯ ಮೂವರು

ಉತ್ತರ ‘ಕೊಡಲಿ’ ಎಂಬುದರಲ್ಲಿ ಸೊಸೆಗೆ ಅನುಮಾನವೇ ಇರಲಿಲ್ಲ. ಮೊದಲ ಚೌಕಕ್ಕೆ ಮೇಲಿನಿಂದ ‘ಕೊ’ ಇಳಿದು ಬಂದಿತ್ತು, ಮೂರನೆಯದರಲ್ಲಿ ‘ಲಿ’ ಆಗಲೇ ಕೂತಿತ್ತು. ನಡುವೆ ‘ಡ’ ಬಿಟ್ಟು ಇನ್ನೇನು ಹಾಕಿದರೂ ಪದವಾಗುತ್ತಿರಲಿಲ್ಲ. ಆದರೆ ಅದಕ್ಕೆ ಮಾವ ಬರೆದ ಸುಳಿವು ಹೀಗಿತ್ತು: ‘ಸೇತುವೆಯ ಆಚೆ ಮೂವರು ಕೂತಿದ್ದಾರೆ, ಒಬ್ಬನಿಗೆ ಚಳಿ.’ ಕೊಡಲಿಗೂ ಈ ಚಳಿಗೂ ಏನು ನಂಟು ಎಂದು ಬೆಳಗಿನಿಂದ ಬೆಟ್ಟ ಅಗೆದರೂ ಅವಳಿಗೆ ಒಂದು ಇಲಿಯೂ ಸಿಕ್ಕಿರಲಿಲ್ಲ.

ವಾರಪತ್ರಿಕೆಯೊಂದಕ್ಕೆ ಹೊಸಬರಿಗಾಗಿ, ಸುಳಿವಿನೊಳಗೇ ಉತ್ತರ ಅಡಗಿಸಿದ ಗೂಢ ಪದಬಂಧ ಮಾಡಿಕೊಡುವುದು ಮಾವನ ಕೆಲಸ. ನಕ್ಷೆ ಬರೆಯುವ ಕಚೇರಿಯಿಂದ ನಿವೃತ್ತರಾದ ಮೇಲೆ ಹಿಡಿದದ್ದು. ಚೌಕದ ಗೆರೆಗಳು ಈಗಲೂ ಎಳೆದಿಟ್ಟ ದಾರದಷ್ಟು ನೇರ. ಸುಳಿವುಗಳನ್ನೂ ಖಾಲಿ ಚೌಕಗಳನ್ನೂ ಊಟದ ಮೇಜಿನ ಮೇಲಿಟ್ಟು ಅವರು ಸುಮ್ಮನಾಗುತ್ತಾರೆ. ಸೊಸೆ ತಾನೇ ಬಿಡಿಸಿ ಓದುಗರಿಗೆ ವಿವರಣೆ ಬರೆಯಬೇಕು. ಅವಳಿಗೆ ಬಗೆಹರಿದರೆ ಯಾರಿಗಾದರೂ ಬಗೆಹರಿಯುತ್ತದೆ ಎಂಬುದು ಮಾವನ ಲೆಕ್ಕ, ಅದನ್ನು ಅವಳೆದುರೇ ಹೇಳಿ ನಗುತ್ತಿದ್ದರು.

ಈ ಸಲವೂ ಉಳಿದದ್ದೆಲ್ಲ ನೀರು ಕುಡಿದಷ್ಟು ಸಲೀಸಾಗಿತ್ತು. ‘ಬೇಸರದಲ್ಲಿ ಅಡಗಿದೆ ಕೊರಳ ಒಡವೆ’ ಎಂದರೆ ಸರ; ಬೇಸರದಿಂದ ‘ಬೇ’ ತೆಗೆದರೆ ಆಯಿತು. ‘ಕಬ್ಬಿಣ ಉಜ್ಜುವ ಸಾಧನ, ಪಕ್ಕದಲ್ಲಿ ವಾಸ, ಒಳಗೆ ರಾಜ’ ಎಂದರೆ ಅರ, ಮನೆ, ಎರಡೂ ಸೇರಿ ಅರಮನೆ. ಸುಳಿವು ಎಷ್ಟೇ ದಾರಿ ತಪ್ಪಿಸಲಿ, ಒಂದು ತುದಿಯಲ್ಲಿ ಅರ್ಥವಿರುತ್ತದೆ, ಇನ್ನೊಂದು ತುದಿಯಲ್ಲಿ ಉಪಾಯವಿರುತ್ತದೆ ಎಂದು ಕಲಿಸಿದ್ದು ಮಾವನೇ. ಸೇತುವೆಯ ಸುಳಿವಿನಲ್ಲಿ ಎರಡೂ ಕಾಣುತ್ತಿರಲಿಲ್ಲ.

“ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ,” ಎಂದ ಅವಳ ಗಂಡ, ಬೂಟಿನ ದಾರ ಕಟ್ಟುತ್ತ. “ನಿನ್ ತಲೆಗೆ ಹೋಗ್ಲಿಲ್ಲ ಅಂದ್ರೆ ಅಪ್ಪಂದು ತಪ್ಪಾ?”

ಇರಬಹುದು ಎಂದೇ ಅವಳೂ ಅಂದುಕೊಂಡಳು. ಅವನು ಕೆಲಸಕ್ಕೆ ಹೋದ ಮೇಲೆ ಹಾಳೆ ಹಿಡಿದು ಮಾವನ ಕೋಣೆಗೆ ಹೋದಳು. ಅವರು ಕಿಟಕಿಯ ಪಕ್ಕ ಪೆನ್ಸಿಲ್ ಹೆರೆಯುತ್ತಿದ್ದರು.

“ಮಾವ, ಇದೊಂದು ಆಗ್ತಿಲ್ಲ. ಉತ್ತರ ಬಂತು, ದಾರಿ ಗೊತ್ತಾಗ್ತಿಲ್ಲ.”

“ಹೇಳಿಬಿಟ್ರೆ ಮಜಾ ಏನು? ಒಡೆದು ನೋಡು.”

“ಎಲ್ಲಾ ಕಡೆ ಒಡೆದಾಯ್ತು. ಅರ್ಥ ಯಾವ ತುದೀಲಿದೆ, ಅದಾದ್ರೂ ಹೇಳಿ.”

ಮಾವ ಕನ್ನಡಕ ಏರಿಸಿ ಓದಿದರು. ಅವರ ಬೆರಳು ಸೇತುವೆಯಿಂದ ಚಳಿಯವರೆಗೆ ಹೋಯಿತು, ಹಿಂದಕ್ಕೆ ಬಂತು, ಮತ್ತೆ ಹೋಯಿತು. ತುಟಿ ಅಲುಗುತ್ತಿತ್ತು. ಬೇಕೆಂದೇ ಸತಾಯಿಸುವಾಗ ಅವರ ಕಣ್ಣಂಚಿನಲ್ಲಿ ಬರುವ ತುಂಟತನ ಅಲ್ಲಿರಲಿಲ್ಲ. ಅವರು ಬಚ್ಚಿಡುತ್ತಿಲ್ಲ, ಹುಡುಕುತ್ತಿದ್ದಾರೆ ಎಂದು ಸೊಸೆಗೆ ಗೊತ್ತಾಯಿತು.

“ಇಲ್ಲೇ ಇದೆಯಲ್ಲ!” ಮಾವ ರೇಗಿದರು. “ಇಷ್ಟು ವರ್ಷ ಹೇಳಿಕೊಟ್ಟಿದ್ದೆಲ್ಲಾ ಹೊಳೇಲಿ ಹುಣಸೆಹಣ್ಣು ತೊಳೆದ ಹಾಗಾಯ್ತು!”

ಅವರ ಬೆರಳು ಮತ್ತೆ ಸೇತುವೆಯ ಮೇಲೆಯೇ ಬಂದು ನಿಂತಿತು. ಅದನ್ನು ನೋಡಲಾಗದೆ ಅವಳು, “ಹಾಂ, ಹೊಳೀತು ಮಾವ, ಈಗ ಹೊಳೀತು,” ಎಂದುಬಿಟ್ಟಳು.

“ಹೊಳೀತಾ?” ಅವರು ಕುರ್ಚಿಯಲ್ಲೇ ಮುಂದಕ್ಕೆ ಬಾಗಿದರು. “ಹೇಗೆ? ಬಿಡಿಸಿ ಹೇಳಮ್ಮ.”

ಅದು ಪರೀಕ್ಷೆ ಮಾಡುವವರ ದನಿಯಲ್ಲ. ಬಾಯಾರಿದವರು ನೀರು ಕೇಳುವ ದನಿ. ಕೊಡಲು ಅವಳ ಬಳಿ ಏನೂ ಇರಲಿಲ್ಲ. “ಒಲೆ ಮೇಲೆ ಹಾಲಿಟ್ಟು ಬಂದಿದೀನಿ,” ಎಂದು ಎದ್ದು ಓಡಿದಳು.

ಒಲೆಯ ಮೇಲೆ ಹಾಲಿರಲಿಲ್ಲ. ಸೊಸೆ ಅಡುಗೆಕಟ್ಟೆ ಹಿಡಿದು ನಿಂತು ಸದ್ದಿಲ್ಲದೆ ಅತ್ತಳು. ಗಂಡನಿಗೆ ಹೇಳಿದರೆ ನಂಬುವುದಿಲ್ಲ. ನಂಬಿದರೆ ಇನ್ನೂ ಕಷ್ಟ. ಸಂಜೆಯೊಳಗೆ ಪದಬಂಧ ಪತ್ರಿಕೆಗೆ ಹೋಗಬೇಕು.

ಮಧ್ಯಾಹ್ನ ಅವಳು ಸೇತುವೆಯನ್ನೂ ಮೂವರನ್ನೂ ಅಳಿಸಿ ಬೇರೆ ಸುಳಿವು ಬರೆದಳು: ‘ಮರ ಕಡಿಯಲು ಬೇಕಾದ್ದನ್ನು ನೀಡಲಿ.’ ಮರ ಕಡಿಯುವುದೂ ಕೊಡಲಿ, ನೀಡಲಿ ಎಂದರೂ ಕೊಡಲಿ. ಅವಳು ಸ್ವಂತವಾಗಿ ಕಟ್ಟಿದ ಮೊದಲ ಸುಳಿವು ಅದು. ಬೇರೆ ದಿನವಾಗಿದ್ದರೆ ಮನೆಯಿಡೀ ಕುಣಿದು ತೋರಿಸುತ್ತಿದ್ದಳು. ಈಗ ಮಾವನ ಜೇಬಿಗೆ ಕೈ ಹಾಕಿದಂತೆ ಅನ್ನಿಸಿತು.

ಮಾವ ಚೌಕ ಎಳೆದಿಟ್ಟಿದ್ದ ಇನ್ನೊಂದು ಹಾಳೆಯಲ್ಲಿ ಅವಳು ಸುಳಿವುಗಳನ್ನೆಲ್ಲ ನಕಲು ಮಾಡಿದಳು. ಕಳಿಸುವ ಮುಂಚೆ ಈ ಶುದ್ಧಪ್ರತಿಯ ಮೇಲೆ ಮಾವ ಒಮ್ಮೆ ಕಣ್ಣಾಡಿಸುವುದು ವಾಡಿಕೆ. ಊಟದ ಮೇಜಿನ ಮೇಲೆ ಅವರ ಮುಂದೆ ಹಾಳೆಯಿಟ್ಟು ಅವಳು ಪಕ್ಕದಲ್ಲೇ ನಿಂತಳು. ಮಾವ ಮೇಲಿನ ಸುಳಿವಿನಿಂದ ಒಂದೊಂದಾಗಿ ನಿಧಾನವಾಗಿ ಓದುತ್ತ ಬಂದರು. ಅವಳ ಸಾಲಿನ ಮೇಲೆಯೇ ನಿಂತರು.

“ಮರ ಕಡಿಯಲು... ನೀಡಲಿ... ಕೊಡಲಿ!” ತೊಡೆ ತಟ್ಟಿಕೊಂಡರು. “ಎರಡೂ ಅದೇ! ಯಾರಮ್ಮ ಮಾಡಿದ್ದು?”

ಸಿಕ್ಕಿಬಿದ್ದೆ ಎಂದುಕೊಂಡಳು ಸೊಸೆ. “ತಪ್ಪಾಯ್ತು ಮಾವ, ಅದೊಂದು ಮಾತ್ರ ನಾನೇ...”

“ಅದೊಂದಲ್ಲಮ್ಮ, ಇದು.” ಮಾವ ಅಂಗೈ ಅಗಲಿಸಿ ಇಡೀ ಹಾಳೆಯ ಮೇಲಿಟ್ಟರು. “ಪೂರ್ತಿ ಇದು. ಯಾರು ಮಾಡಿದ್ದು?”

ಹೊರಗೆ ಯಾರೋ ಸೈಕಲ್ಲಿನ ಗಂಟೆ ಬಾರಿಸುತ್ತ ಹೋದರು.

“ನೀವೇ, ಮಾವ.”

“ಸುಮ್ನಿರು, ತಮಾಷೆ ಸಾಕು.” ಅವರು ನಕ್ಕು ಪೆನ್ಸಿಲ್ ಎತ್ತಿಕೊಂಡರು. ಶುದ್ಧಪ್ರತಿ ಹಾಳಾದರೂ ಆಗಲಿ ಎಂದು ಅವಳು ತಡೆಯಲಿಲ್ಲ. “‘ಕಾಡು ತಿರುಗಿದರೆ ಎಲ್ಲ ಹೊಸತು.’ ಎರಡಕ್ಷರ. ಕಾಡು ಅಂದ್ರೆ... ವನ. ತಿರುಗಿಸಿದ್ರೆ... ತಡಿ, ನೀನು ಮಾತಾಡ್ಬೇಡ... ನವ! ಹೊಸದು ಅಂದ್ರೆ ನವ!”

ತಮ್ಮದೇ ಗೆರೆಗಳ ಒಳಗೆ ಅಕ್ಷರಗಳನ್ನು ದುಂಡಗೆ ತುಂಬಿ, ಹಾಳೆಯನ್ನು ದೂರ ಹಿಡಿದು ನೋಡಿದರು.

“ಭಾರೀ ಘಾಟಿ ಇದ್ದಾನೆ ಕಣಮ್ಮ ಇದನ್ನ ಮಾಡಿದೋನು,” ಎಂದರು ಸಂತೋಷದಿಂದ. “ಬಾ, ಕೂತ್ಕೋ. ಮುಂದಿಂದು ನೋಡೋಣ.”

ಸೊಸೆ ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತಳು. ಫ್ಯಾನಿನ ಗಾಳಿಗೆ ಹಾಳೆಯ ಅಂಚು ಏಳುತ್ತಿತ್ತು. ಅವರಿಗೆ ಬರೆಯಲು ಅನುಕೂಲವಾಗಲಿ ಎಂದು ಅದನ್ನು ಬೆರಳಿನಿಂದ ಒತ್ತಿ ಹಿಡಿದಳು.