ಮೂತಿಯ ವೈರು

ನಾನು ಒಂದು ಕಾರು. ಬಣ್ಣ ಬೂದಿ, ಬಾಗಿಲು ನಾಲ್ಕು, ಸ್ವಭಾವ ಸಾಧಾರಣ. ಹುಟ್ಟಿದ್ದು ಒಂದು ದೊಡ್ಡ ಕಾರ್ಖಾನೆಯಲ್ಲಿ. ನನ್ನ ಹಿಂದೆ ಮುಂದೆ ನನ್ನಂಥವೇ ನೂರಾರು ಸಾಲುಗಟ್ಟಿ ಹುಟ್ಟುತ್ತಿದ್ದವು, ಹಾಗಾಗಿ ಯಾರೂ ಪೇಡೆ ಹಂಚಲಿಲ್ಲ. ಹೊಸ ಬಣ್ಣ ಆರುತ್ತಿದ್ದಂತೆ ರೈಲಿಗೆ ಹೇರಿ ಕೆನಡಾದ ನಡುಸೀಮೆಗೆ, ಸಸ್ಕಟೂನ್ ಎಂಬ ಊರಿಗೆ ಕಳಿಸಿಬಿಟ್ಟರು.

ಆ ಊರಿನ ಚಳಿಯ ಬಗ್ಗೆ ಹೇಳಿದರೆ ನೀವು ಬುರುಡೆ ಅಂತೀರಿ. ಬಿಸಿನೀರನ್ನು ಗಾಳಿಗೆ ಎರಚಿದರೆ ನೆಲಕ್ಕೆ ಬೀಳುವುದರೊಳಗೆ ಪುಡಿಯಾಗುತ್ತದೆ. ಎಂಜಿನ್ನಿನ ಎಣ್ಣೆ ಬೆಲ್ಲದ ಪಾಕದಂತೆ ಗಟ್ಟಿಯಾಗುತ್ತದೆ. ಅದಕ್ಕೇ ಅಲ್ಲಿನವರು ನನ್ನ ಹೊಟ್ಟೆಯೊಳಗೆ ಸಣ್ಣದೊಂದು ಹೀಟರ್ ಕೂಡಿಸಿ, ಅದರ ವೈರನ್ನು ಮೂತಿಯಿಂದ ಹೊರಗೆ ಇಳಿಬಿಟ್ಟರು. ರಾತ್ರಿ ಆ ವೈರನ್ನು ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿದರೆ ಬೆಳಿಗ್ಗೆ ಎದ್ದು ಓಡಬಹುದು. ಸಂಜೆಯಾದರೆ ಎಮ್ಮೆಯನ್ನು ಗೂಟಕ್ಕೆ ಕಟ್ಟಿದಂತೆ ಅಲ್ಲಿ ಕಾರುಗಳನ್ನು ಗೋಡೆಗೆ ಕಟ್ಟುತ್ತಾರೆ, ಅಷ್ಟೇ.

ನನ್ನ ಮೊದಲ ಒಡತಿ ಡೋರೀನ್ ಎಂಬ ರಿಟೈರಾದ ಟೀಚರು. ಇಗರ್ಜಿ, ಅಂಗಡಿ, ಡಾಕ್ಟರು, ಮನೆ. ನಾಲ್ಕೇ ಊರು ನಮಗೆ. ಸಂಜೆ ತಪ್ಪದೆ ವೈರು ಸಿಕ್ಕಿಸುತ್ತಿದ್ದಳು. ಕಣ್ಣು ಮಂಜಾದ ಮೇಲೆ ಮಗಳು ಬಂದು ಕೀಲಿ ಇಸಿದುಕೊಂಡಳು. ಡೋರೀನ್ ಕಿಟಕಿಯಿಂದ ನೋಡುತ್ತ ನಿಂತಿದ್ದಳು, ಕೈ ಬೀಸಲಿಲ್ಲ. ನನ್ನನ್ನು ಡೆನಿಸ್ ಎಂಬವನ ಹಳೇ ಕಾರಿನ ಅಂಗಡಿಗೆ ಒಯ್ದು ನಿಲ್ಲಿಸಿದರು.

ಚಳಿಗಾಲದಲ್ಲಿ ಹಳೇ ಕಾರು ಕೊಳ್ಳಲು ಬರುವವರನ್ನು ನೋಡಬೇಕು ನೀವು. ಕೆಲವರು ತಮ್ಮ ಕಾರಿನಿಂದ ಇಳಿಯುವುದೇ ಇಲ್ಲ, ಗಾಜಿನೊಳಗಿಂದಲೇ ಬೊಟ್ಟು ಮಾಡಿ ಕೇಳುತ್ತಾರೆ. ಕೆಲವರು ಟೈರಿಗೆ ಒದೆಯುತ್ತಾರೆ, ಒದ್ದರೆ ಏನು ತಿಳಿಯುತ್ತದೋ ದೇವರಿಗೇ ಗೊತ್ತು. ತಿಳಿದವರು ಮಾತ್ರ ಹಿಮದ ಮೇಲೆ ಅಂಗಾತ ಮಲಗಿ ನನ್ನ ಅಡಿಭಾಗ ನೋಡುತ್ತಿದ್ದರು. ಹಿಮ ಕರಗಲೆಂದು ರಸ್ತೆಗೆ ಉಪ್ಪು ಚೆಲ್ಲುತ್ತಾರೆ, ಆ ಉಪ್ಪು ನಮ್ಮನ್ನು ಕೆಳಗಿನಿಂದ ತಿನ್ನುತ್ತದೆ. ನನ್ನನ್ನೂ ಅಲ್ಲಲ್ಲಿ ತಿಂದಿತ್ತು.

ಒಂದು ಶನಿವಾರ ಮಧ್ಯಾಹ್ನ ಅವರಿಬ್ಬರು ಬಂದರು. ಸುವರ್ಣಾ ಹೂಗಾರ ಎಂಬ ಹೆಂಗಸು, ಅವಳ ಮಾವ ವಿರೂಪಾಕ್ಷಪ್ಪ. ಮಾವನ ತಲೆಗೆ ಮಂಕಿಕ್ಯಾಪು, ಅದರ ಮೇಲೆ ಮಫ್ಲರು, ಅದರ ಮೇಲೆ ಜಾಕೀಟಿನ ಟೊಪ್ಪಿಗೆ. ಕಾಣುತ್ತಿದ್ದದ್ದು ಎರಡು ಕಣ್ಣು, ಒಂದು ಮೂಗು. ಗದಗಿನ ಕಡೆಯವರು. ಮಗ ಶಿವಪುತ್ರ ಇಲ್ಲಿ ಲಾರಿ ಓಡಿಸುತ್ತಿದ್ದ, ಮೊದಲೇ ಬಂದವನು. ಹೆಂಡತಿಯನ್ನೂ ತಂದೆಯನ್ನೂ ಹಿಂದಿನ ಬೇಸಿಗೆಯಲ್ಲಿ ಕರೆಸಿಕೊಂಡಿದ್ದ. ಇದು ಇವರಿಬ್ಬರ ಮೊದಲ ಚಳಿಗಾಲ. ಆವತ್ತು ಶಿವಪುತ್ರ ಲಾರಿ ತಗೊಂಡು ಎಲ್ಲೋ ದೂರ ಹೋಗಿದ್ದ.

ಸುವರ್ಣಾಳಿಗೆ ಕೆಲಸ ಸಿಕ್ಕಿತ್ತು. ಸುತ್ತಲಿನ ಹಳ್ಳಿಗಳಲ್ಲಿ ವಯಸ್ಸಾದವರ ಮನೆಮನೆಗೆ ಹೋಗಿ ಮೈ ತೊಳೆಸುವುದು, ಗುಳಿಗೆ ಕೊಡುವುದು. ಊರಲ್ಲಿ ನರ್ಸ್ ಆಗಿದ್ದವಳು, ಇಲ್ಲಿಗೆ ಬಂದು ಆರು ತಿಂಗಳು ಸುಮ್ಮನೆ ಕೂತು ಕೂತು ಬೇಸತ್ತಿದ್ದಳು. ಒಂದೇ ಷರತ್ತು: ಸೋಮವಾರ ಬೆಳಿಗ್ಗೆ ಸ್ವಂತ ಗಾಡಿಯಲ್ಲಿ ಬರಬೇಕು. ಇಲ್ಲದಿದ್ದರೆ ಆ ಜಾಗಕ್ಕೆ ಇನ್ನೊಬ್ಬಳು ಕಾದಿದ್ದಾಳೆ ಎಂದು ಆಫೀಸಿನವರು ಮೊದಲೇ ಹೇಳಿದ್ದರು.

ಮಾವನ ಕಥೆ ಬೇರೆ. ಜೀವಮಾನವಿಡೀ ಸರಕಾರಿ ಬಸ್ಸು ಓಡಿಸಿದ ಮನುಷ್ಯ. ಈ ದೇಶಕ್ಕೆ ಬಂದ ಮೇಲೆ ಆತನನ್ನು ಯಾರೂ ಏನೂ ಕೇಳಿರಲಿಲ್ಲ. ಉಣ್ಣಲು ಕರೆಯುತ್ತಿದ್ದರು, ಟೀವಿ ಹಚ್ಚಿ ಕೊಡುತ್ತಿದ್ದರು, ಹೊರಗೆ ಜಾರುತ್ತದೆ ಹೋಗಬೇಡಿ ಅನ್ನುತ್ತಿದ್ದರು. ಕಾರು ಕೊಳ್ಳುವ ಮಾತು ಬಂದಾಗ ಮೊದಲ ಸಲ ಸೊಸೆ, ನೀವು ನೋಡಿ ಹೇಳ್ರಿ ಎಂದಿದ್ದಳು. ಆತ ಆ ಮಾತನ್ನೇ ಹೊದ್ದುಕೊಂಡು ಬಂದಂತಿತ್ತು.

ನೋಡಿದ, ಸರಿಯಾಗಿಯೇ ನೋಡಿದ. ಬಾನೆಟ್ಟು ತೆಗೆಸಿ ಎಣ್ಣೆ ಮೂಸಿದ, ಎಂಜಿನ್ನು ಚಾಲೂ ಮಾಡಿಸಿ ಕಣ್ಣು ಮುಚ್ಚಿ ಸದ್ದು ಕೇಳಿದ, ಆ ವಯಸ್ಸಿನಲ್ಲಿ ಹಿಮದ ಮೇಲೆ ಮಲಗಿದ. ಎದ್ದು, ಬಣ್ಣ ವಿಭೂತಿಯದು, ಇದೇ ಇರಲಿ ಎಂದ. ಕೆಂಪು ಕಾರಿನ ಕಡೆ ಆಸೆಯಿಂದ ನೋಡುತ್ತಿದ್ದ ಸುವರ್ಣಾ ನನ್ನ ಕಡೆ ತಿರುಗಿದಳು. ಅವಳು ಚೀಲಕ್ಕೆ ಕೈ ಹಾಕಿದ್ದೇ ತಡ, ಆತ ತಡೆದ.

“ಶನಿವಾರ ಕಬ್ಬಿಣ ಮನಿಗೆ ತರಬಾರದವಾ.”

ನಾಳೆ ಐತವಾರ ಅಂಗಡಿ ಬಾಗಿಲು ಹಾಕಿರುತ್ತದೆ, ನಾಡಿದ್ದು ಬೆಳಿಗ್ಗೆ ಕೆಲಸ ಎಂದು ಅವಳು ಹೇಳಿದಳು. ಆತನಿಗೂ ಅದು ಗೊತ್ತು. ಆದರೂ ಶನಿವಾರ ಶನಿವಾರವೇ. ಏನು ನಡೆಯುತ್ತಿದೆ ಎಂದು ತಿಳಿಯದ ಡೆನಿಸ್ ಬೆಲೆ ಇಳಿಸಲು ಶುರು ಮಾಡಿದ. ಆಗ ಸುವರ್ಣಾಳಿಗೆ ಹೊಳೆಯಿತು: ನಮ್ಮ ಗದಗಿನಲ್ಲಿ ಈಗ ಯಾವ ವಾರ? ಆತ ಬೆರಳು ಮಡಚಿ ಲೆಕ್ಕ ಹಾಕಿದ. ನಟ್ಟಿರುಳು ದಾಟಿದೆ, ಸರಿ, ಆದರೆ ಹೊತ್ತು ಹುಟ್ಟಿದ ಮೇಲೇ ವಾರ ಬದಲಾಗುವುದು. ಹಾಗಾದರೆ ಹುಟ್ಟುವವರೆಗೆ ಕಾಯೋಣ ಎಂದಳು.

ಕಾದರು ಮಾರಾಯರೆ! ಕತ್ತಲಾಯಿತು, ದೀಪ ಹತ್ತಿದವು. ಗಿರಾಕಿ ಕೈಬಿಟ್ಟು ಹೋಗಬಾರದೆಂದು ಡೆನಿಸ್ ಅಂಗಡಿ ಹಾಕದೆ ಕಾಫಿ ಮಾಡಿ ಮಾಡಿ ಕೊಟ್ಟ. ಕೊನೆಗೆ ಮೂವರೂ ನನ್ನ ಬಳಿ ಬಂದು ನಿಂತರು. ವಿರೂಪಾಕ್ಷಪ್ಪ ಒಂದು ಕೈ ನನ್ನ ಬಾನೆಟ್ಟಿನ ಮೇಲಿಟ್ಟು, ಇನ್ನೊಂದರಲ್ಲಿ ಫೋನು ಹಿಡಿದಿದ್ದ. ಆ ಕಡೆ ಗದಗಿನ ತಾರಸಿಯ ಮೇಲೆ ಆತನ ಹಳೆಯ ಕಂಡಕ್ಟರ್ ಫಕ್ಕೀರಪ್ಪ ಮೂಡಣಕ್ಕೆ ಮುಖ ಮಾಡಿ ನಿಂತಿದ್ದನಂತೆ.

“ಮೂಡ್ಯಾನಪಾ. ರೈಟ್, ಹೋಗು,” ಎಂದಿತು ಫೋನು.

ಹೀಗೆ ನಾನು ಒಂದೂರಿನ ಶನಿವಾರ, ಇನ್ನೊಂದೂರಿನ ಐತವಾರ ಮಾರಾಟವಾದೆ. ಸುವರ್ಣಾ ಸಹಿ ಹಾಕುತ್ತಿದ್ದಾಗ ಡೆನಿಸ್ ಮುದುಕನಿಗೆ ನನ್ನ ಮೂತಿಯ ವೈರು ತೋರಿಸಿ, ಕೈಸನ್ನೆ ಮಾಡಿ ಏನೇನೋ ಹೇಳಿದ. ಆತ ಎಲ್ಲದಕ್ಕೂ ತಲೆ ಆಡಿಸುವಂತೆ ಅದಕ್ಕೂ ಆಡಿಸಿದ. ಕೆಟ್ಟದ್ದು ಅಲ್ಲೇ.

ಆ ರಾತ್ರಿ ವೈರು ಸಿಕ್ಕಿಸದಿದ್ದರೂ ಹೇಗೋ ತಡೆದುಕೊಂಡೆ. ಮರುದಿನ ಪೂಜೆ. ಬಾನೆಟ್ಟಿಗೆ ಮೂರು ಬೆರಳಿನ ವಿಭೂತಿ, ಸ್ಟೀರಿಂಗಿಗೆ ಕುಂಕುಮ. ಗಾಲಿಯ ಕೆಳಗಿಡಲು ತಂದ ನಿಂಬೆಹಣ್ಣುಗಳು ಊದುಬತ್ತಿ ಹಚ್ಚುವುದರೊಳಗೆ ಕಲ್ಲಾಗಿದ್ದವು. ನಾನು ಹತ್ತಿದರೆ ಒಡೆಯಲಿಲ್ಲ, ಒಂದು ಚಂಗನೆ ಹಾರಿ ಪಕ್ಕದವರ ಬೇಲಿ ದಾಟಿತು. ಸುವರ್ಣಾ ಬಾಯಿಗೆ ಸೆರಗು ಒತ್ತಿಕೊಂಡು ಒಳಗೆ ಓಡಿದಳು. ವಿರೂಪಾಕ್ಷಪ್ಪ ಒಬ್ಬನೇ ಉಳಿದು ನನ್ನ ಸುತ್ತ ಒಂದು ಸುತ್ತು ಬಂದ. ಆಗ ಮತ್ತೆ ವೈರು ಕಣ್ಣಿಗೆ ಬಿತ್ತು. ಹಿಂದಿನವರು ಏನೋ ಜೋಡಿಸಲು ಹೋಗಿ ಬಿಟ್ಟದ್ದು, ಎಲ್ಲಾದರೂ ಬಡಿದು ಕಿಡಿ ಹಾರಿದರೆ ಸೊಸೆಯ ಗತಿ ಏನು ಎಂದು ತನ್ನಷ್ಟಕ್ಕೇ ಗೊಣಗಿದ. ಇಕ್ಕಳ ತಂದು ಕಚಕ್ಕನೆ ಕತ್ತರಿಸಿದ. ತುದಿಗೆ ಕರಿ ಟೇಪು ಸುತ್ತಿದ, ನೀಟಾಗಿ. ಬಾಯಿ ಇದ್ದಿದ್ದರೆ ನಾನು ಕೂಗುತ್ತಿದ್ದೆ. ನನಗಿರುವುದು ಹಾರ್ನು, ಅದನ್ನು ಬೇರೆಯವರು ಒತ್ತಬೇಕು.

ಐತವಾರ ರಾತ್ರಿಯ ಚಳಿ ಆ ವರ್ಷದ ದೊಡ್ಡ ಚಳಿ.

ಸೋಮವಾರ ಬೆಳಿಗ್ಗೆ ಹೊಸ ಯೂನಿಫಾರ್ಮಿನಲ್ಲಿ ಸುವರ್ಣಾ ಬಂದು ಕೀಲಿ ತಿರುಗಿಸಿದಳು. ನಾನು ಒಮ್ಮೆ ನರಳಿದೆ. ಮತ್ತೊಮ್ಮೆ ತಿರುಗಿಸಿದಳು, ಅದೂ ಇಲ್ಲ. ಅವಳ ಉಸಿರು ಗಾಜಿನ ಒಳಮೈಯಲ್ಲಿ ಹೂವಾಗಿ ಹೆಪ್ಪುಗಟ್ಟುತ್ತಿತ್ತು. ಗಂಡನಿಗೆ ಫೋನು ಮಾಡಿದಳು. ರಾತ್ರಿ ವೈರು ಚುಚ್ಚಿದ್ದಿರೇನು ಎಂದು ಅವನು ಕೇಳಿದ. ಯಾವ ವೈರು ಎಂದಳು. ಬೀದಿಯ ಕಾರುಗಳ ಮೂತಿಯಲ್ಲಿ ವೈರು ಕಂಡಿದ್ದಳು, ಅವೆಲ್ಲ ಕರೆಂಟಿನ ಕಾರು ಅಂತ ತಿಳಿದಿದ್ದಳು. ಶಿವಪುತ್ರ ವಿವರಿಸುತ್ತ ಹೋದ. ಪಕ್ಕದಲ್ಲೇ ನಿಂತು ಕೇಳುತ್ತಿದ್ದ ಮುದುಕನ ಮುಖ ಇಳಿದುಹೋಯಿತು.

ಆತ ಒಳಗೆ ಹೋಗಿ ಕತ್ತರಿಸಿದ ತುಂಡು ತಂದ. ಡ್ರೈವರುಗಳು ವೈರು ಎಸೆಯುವುದಿಲ್ಲ.

“ನಾನಽ ಕತ್ತರಿಸೇನವಾ,” ಎಂದ.

ಅವಳು ಆ ತುಂಡನ್ನೊಮ್ಮೆ ನೋಡಿದಳು. ಆಫೀಸಿಗೆ ಫೋನು ಮಾಡಿದಳು. ಮಧ್ಯಾಹ್ನದೊಳಗೆ ಮೊದಲ ಮನೆ ಮುಟ್ಟದಿದ್ದರೆ ಇನ್ನೊಬ್ಬಳನ್ನು ಕಳಿಸುತ್ತೇವೆ ಎಂದರಂತೆ. ವಿರೂಪಾಕ್ಷಪ್ಪ ಆಗಲೇ ನನ್ನ ಮೂತಿಯ ಮುಂದೆ ಮಂಡಿಯೂರಿದ್ದ. ಕೈಗವಸು ತೆಗೆದು, ವೈರಿನ ಸಿಪ್ಪೆಯನ್ನು ಹಲ್ಲಿನಿಂದ ಸುಲಿದು, ಎಳೆಗೆ ಎಳೆ ಹೊಸೆದ. ಬೆರಳು ಬಿಳಿಚಿಕೊಂಡಿದ್ದವು. ಟೇಪು ಸುತ್ತಿ ಗೋಡೆಗೆ ಸಿಕ್ಕಿಸಿದ. ಆಮೇಲೆ ನನ್ನ ಬಾನೆಟ್ಟಿನ ಮೇಲೆ ಅಂಗೈ ಇಟ್ಟು ನಿಂತುಬಿಟ್ಟ. ಸೊಸೆ ಕೈ ಹಿಡಿದು ಒಳಗೆ ಎಳೆದುಕೊಂಡು ಹೋದಳು. ಮತ್ತೆ ಬಂದ, ಮತ್ತೆ ಎಳೆದುಕೊಂಡು ಹೋದಳು. ನನ್ನ ಹೊಟ್ಟೆ ನಿಧಾನಕ್ಕೆ ಬೆಚ್ಚಗಾಗುತ್ತಿತ್ತು, ಅವಸರ ಮಾಡುವುದು ನನ್ನ ಕೈಯಲ್ಲಿರಲಿಲ್ಲ.

ಹೊತ್ತು ನೆತ್ತಿಗೆ ಬರುವ ಮುಂಚೆ ಅವಳು ಕೀಲಿ ತಿರುಗಿಸಿದಳು. ಕೆಮ್ಮಿದೆ, ನಡುಗಿದೆ, ಹತ್ತಿಕೊಂಡೆ. ಹೊರಡುವ ಮೊದಲು ಗಾಜು ಇಳಿಸಿ, ತಲೆ ತಗ್ಗಿಸಿ ನಿಂತಿದ್ದ ಮಾವನಿಗೆ ಹೇಳಿದಳು:

“ಮಾವಾರ, ಇನ್ನ ದಿನಾ ಸಂಜೀಕ ಈ ವೈರ್ ಹಚ್ಚೋದು ನಿಮ್ಮ ಡ್ಯೂಟಿ. ನಾ ಮುಟ್ಟಂಗಿಲ್ಲ.”

ಡ್ಯೂಟಿ! ಆ ಶಬ್ದ ಕೇಳಿ ಆತ ನೆಟ್ಟಗೆ ನಿಂತ. ಮೊದಲ ಮನೆಗೆ ನಾವು ಹೊತ್ತಿಗೆ ಸರಿಯಾಗಿ ಮುಟ್ಟಿದೆವು.

ಅಲ್ಲಿಂದ ಮುಂದೆ ಎಷ್ಟೋ ಚಳಿಗಾಲ ಕಳೆದವು. ಸುವರ್ಣಾಳ ಕೆಲಸ ಕಾಯಂ ಆಯಿತು. ಮನೆಯವರಿಗೆ ಇನ್ನೂ ಒಳ್ಳೆಯ ಕಾರು ಕೊಳ್ಳುವ ಶಕ್ತಿ ಬಂತು, ಕೊಳ್ಳಲಿಲ್ಲ. ಪ್ರತಿ ಸಂಜೆ ವಿರೂಪಾಕ್ಷಪ್ಪ ಜಾಕೀಟಿನೊಳಗೆ ಹಳೆಯ ಖಾಕಿ ಅಂಗಿ ತೊಟ್ಟು, ಡ್ಯೂಟಿಗೆ ಹೋಗಿ ಬರ್ತೀನಿ ಎಂದು ಒಳಗೆ ಕೂಗಿ ಹೇಳಿ ಬರುತ್ತಿದ್ದ. ವೈರು ಸಿಕ್ಕಿಸಿ, ಟೇಪಿನ ಗಂಟು ಸವರಿ ನೋಡಿ, ನನ್ನ ಜೊತೆ ಎರಡು ಮಾತಾಡಿ ಹೋಗುತ್ತಿದ್ದ. ನನಗೆ ಬರುವ ಕನ್ನಡವೆಲ್ಲ ಆತ ಕಲಿಸಿದ್ದೇ. ಹೊಸ ವೈರು ಹಾಕಿಸೋಣ ಎಂದು ಶಿವಪುತ್ರ ಹೇಳಿದಾಗಲೆಲ್ಲ, ನನ್ನ ಗಂಟು ಬಿಚ್ಚಾಂಗಿಲ್ಲ ಅನ್ನುತ್ತಿದ್ದ. ಬೇಸಿಗೆಯಲ್ಲೂ ಒಮ್ಮೊಮ್ಮೆ ಬಂದು ನಿಲ್ಲುತ್ತಿದ್ದ, ಸುಮ್ಮನೆ.

ಒಂದು ಜನವರಿಯಲ್ಲಿ ಆತನನ್ನು ಆಸ್ಪತ್ರೆಗೆ ಒಯ್ದದ್ದೂ ನಾನೇ. ಮರಳಿ ಬರುವಾಗ ಗಂಡ ಹೆಂಡತಿ ಇಬ್ಬರೇ ಇದ್ದರು. ಮಾವ ಕೊನೆಯ ಸಲ ಎಚ್ಚರವಾದಾಗ, ವೈರು ಹಚ್ಚಿದಿರೇನು ಎಂದು ಕೇಳಿದರು ಅಂತ ಸುವರ್ಣಾ ಹೇಳುತ್ತಿದ್ದಳು. ಹಚ್ಚೀನ್ರಿ ಅಂದೆ, ಸುಳ್ಳು ಹೇಳಿದೆ ಎಂದು ಅಳುತ್ತಿದ್ದಳು. ಮನೆ ಮುಟ್ಟಿದ ಮೇಲೆ ಗಂಡನನ್ನು ಒಳಗೆ ಕಳಿಸಿ ತಾನೇ ನನ್ನ ಮೂತಿಯ ಮುಂದೆ ಕೂತಳು. ಇಷ್ಟು ವರ್ಷದಲ್ಲಿ ಅವಳು ಅದನ್ನು ಮುಟ್ಟಿರಲಿಲ್ಲ. ಸಿಕ್ಕಿಸಿ, ಗಂಟನ್ನು ಅಂಗೈಯಲ್ಲಿ ಹಿಡಿದು ಬಹಳ ಹೊತ್ತು ಕೂತಿದ್ದಳು.

ಈಗ ನಾನು ಗುಜರಿಯಲ್ಲಿದ್ದೇನೆ. ಉಪ್ಪು ನನ್ನ ಅಡಿಭಾಗವನ್ನು ಪೂರ್ತಿ ತಿಂದಿದೆ, ಅದರ ಬಗ್ಗೆ ದೂರಿಲ್ಲ. ಇಲ್ಲಿನ ಎಲ್ಲ ಕಾರುಗಳ ಮೂತಿಯಲ್ಲೂ ವೈರು ನೇತಾಡುತ್ತದೆ, ನನಗೆ ಮಾತ್ರ ಇಲ್ಲ. ಇಲ್ಲಿಗೆ ಕಳಿಸುವ ದಿನ ಸುವರ್ಣಾ ಅದೇ ಇಕ್ಕಳ ತಂದು, ಗಂಟಿನ ಎರಡೂ ಕಡೆ ಕತ್ತರಿಸಿ, ಗೇಣುದ್ದದ ತುಂಡನ್ನು ಚೀಲಕ್ಕೆ ಹಾಕಿಕೊಂಡಳು. ಆವತ್ತು ಶನಿವಾರ. ಕಬ್ಬಿಣ ಮನೆಯಿಂದ ಹೊರಗೆ ಹೋಗಬಹುದೋ ಇಲ್ಲವೋ ಎಂದು ಕೇಳಲು ಯಾರೂ ಇರಲಿಲ್ಲ. ಅವಳು ನನ್ನ ಬಾನೆಟ್ಟಿನ ಮೇಲೆ ಕೈ ಇಟ್ಟು, “ಡ್ಯೂಟಿ ಮುಗೀತ್ರಿ ಮಾವಾರ,” ಎಂದಳು.