ಗಡಗಿಯ ತಳ

ಎದುರಿಗೆ ಸಿಕ್ಕಾಗ ಗುರುಸಿದ್ದನಿಗೆ ನಾನು ಸರ್ ಎನ್ನುತ್ತೇನೆ. ಬರೆಯುವಾಗ ಆ ಹಂಗಿಲ್ಲ.

ಮೊದಲು ಅವನು ಪೀರನವಾಡಿಯಲ್ಲಿ ಪ್ಲಾಟು ಮಾರುತ್ತಿದ್ದ. ಈಗ ಹೆಸರು ಮಾರುತ್ತಾನೆ. ಇಂಟರ್‌ನೆಟ್ಟಿನಲ್ಲಿ ಅಂಗಡಿ ಇಡುವವರಿಗೆ ಒಂದು ವಿಳಾಸ ಬೇಕಾಗುತ್ತದಲ್ಲ, ಕೊನೆಗೆ ಡಾಟ್ ಕಾಮ್ ಎಂದೋ ಡಾಟ್ ಇನ್ ಎಂದೋ ಬಾಲ ಇರುವಂಥದ್ದು, ಅದನ್ನು ನೋಂದಾಯಿಸಿ ಕೊಡುವುದು ನಮ್ಮ ಆಫೀಸಿನ ಕೆಲಸ. ಆಫೀಸು ಬೆಳಗಾವಿಯ ಶಹಾಪುರದಲ್ಲಿ, ಒಂದು ಸೀರೆ ಅಂಗಡಿಯ ಮೇಲೆ. ಕಸುಬು ಬದಲಾದರೂ ಅವನ ನಾಲಿಗೆ ಬದಲಾಗಲಿಲ್ಲ. ಡಾಟ್ ಕಾಮ್ ಅವನಿಗೆ ಈಗಲೂ 'ಮೇನ್ ರೋಡಿನ ಪ್ಲಾಟು'. ನಮ್ಮ ದೇಶದ ಡಾಟ್ ಇನ್ 'ಬೆಳೆಯುವ ಏರಿಯಾ'. ಜರ್ಮನಿಯ ಬಾಲ, ಹಾಲೆಂಡಿನ ಬಾಲ ಎಲ್ಲ 'ಮನಿ ಕಟ್ಟಿ ಮುಗದದ್ದು, ಅಲ್ಲಿ ನಮಗೇನೂ ಸಿಗೂದಿಲ್ಲ.'

"ಹೆಸರಂದ್ರ ಜಾಗಾ ಇದ್ದಂಗ," ಎಂದು ಬಂದ ಗಿರಾಕಿಗಳಿಗೆಲ್ಲ ಉಪದೇಶ ಮಾಡುತ್ತಾನೆ. "ಮೊದ್ಲ ಬೇಲಿ ಹಾಕಬೇಕ್ರಿ. ಬೇಕಾದಾಂವ ತಾನ ಹುಡಿಕ್ಕೋತ ಬರ್ತಾನ."

ಬೇಲಿ ಹಾಕುವ ರೀತಿ ಹೀಗೆ. ಯಾರೋ ಬಂದು ಇಂಥ ಹೆಸರು ಸಿಗುತ್ತದೆಯೇ ಎಂದು ಕೇಳುತ್ತಾರೆ. ಸಿಗುತ್ತದೆ. ಮನೆಯಲ್ಲಿ ವಿಚಾರಿಸಿ ಬರುತ್ತೇವೆ ಎಂದು ಹೋಗುತ್ತಾರೆ. ಅವರು ಮೆಟ್ಟಿಲು ಇಳಿಯುವುದರೊಳಗೆ ಆ ಹೆಸರು ಗುರುಸಿದ್ದನದಾಗಿರುತ್ತದೆ. ಮರಳಿ ಬಂದರೆ, "ಅಯ್ಯ, ಯಾರೋ ತಗೊಂಡ್ರಲ್ರೀ! ತಡೀರಿ, ನಾ ಮಾತಾಡಿ ಬಿಡಸ್ತೀನಿ," ಎಂದು ಫೋನು ಕಿವಿಗೆ ಇಟ್ಟುಕೊಳ್ಳುತ್ತಾನೆ. ಆ ಕಡೆ ಯಾರೂ ಇರುವುದಿಲ್ಲ. ಆದರೂ ಚೌಕಾಸಿ ಮಾಡುತ್ತಾನೆ. ಒಮ್ಮೊಮ್ಮೆ ಸಿಟ್ಟಿಗೂ ಏಳುತ್ತಾನೆ. ತನ್ನ ಜೊತೆ ತಾನೇ ಜಗಳಾಡಿ ಸೋಲುವ ಮನುಷ್ಯನನ್ನು ನಾನು ಇಲ್ಲಿಯೇ ಮೊದಲು ನೋಡಿದ್ದು.

ನಾನು ಸಂಖ್ಯಾಶಾಸ್ತ್ರ, ಅಂದರೆ ಸ್ಟ್ಯಾಟಿಸ್ಟಿಕ್ಸ್, ಓದಿದವಳು. ಯಾವ ದೇಶದ ಬಾಲಕ್ಕೆ ಬೇಡಿಕೆ ಏರಿದೆ, ಯಾವುದು ಇಳಿದಿದೆ ಎಂದು ತಿಂಗಳಿಗೊಮ್ಮೆ ಗ್ರಾಫು ತೆಗೆದು ಕೊಡುವುದು ನನ್ನ ಕೆಲಸ. ಏರಿದ್ದನ್ನು ಗೋಡೆಗೆ ಅಂಟಿಸುತ್ತಾನೆ. ಇಳಿದದ್ದನ್ನು ಚಹಾದ ಕಪ್ಪಿನ ಕೆಳಗೆ ಇಡುತ್ತಾನೆ. ಎಷ್ಟು ಜನ ಹೊಸದಾಗಿ ಕೊಂಡರು ಎನ್ನುವುದಕ್ಕಿಂತ, ಕೊಂಡವರಲ್ಲಿ ಎಷ್ಟು ಜನ ಮುಂದಿನ ವರ್ಷವೂ ಇಟ್ಟುಕೊಂಡರು ಎಂದು ನೋಡಿದರೆ ಪೇಟೆಯ ಆರೋಗ್ಯ ತಿಳಿಯುತ್ತದೆ. ಜರ್ಮನಿಯವರು ಕೊಂಡದ್ದನ್ನು ಬಿಡುವುದಿಲ್ಲ, ಅದಕ್ಕೇ ಅಲ್ಲಿ ಗೆರೆ ಜಿಗಿಯುವುದೂ ಇಲ್ಲ, ಬೀಳುವುದೂ ಇಲ್ಲ. ಒಮ್ಮೆ ಈ ಮಾತನ್ನು ಕಾಗದದ ಕೆಳಗೆ ಸಣ್ಣದಾಗಿ ಬರೆದೆ. ಅದೂ ಕಪ್ಪಿನ ಕೆಳಗೆ ಹೋಯಿತು.

ಆಮೇಲೆ ಅವನಿಗೆ ಡಾಟ್ ಎಐ ಹುಚ್ಚು ಹತ್ತಿತು. ಕೆರಿಬಿಯನ್ ಸಮುದ್ರದಲ್ಲಿ ಅಂಗ್ವಿಲಾ ಎಂಬ ಪುಟ್ಟ ದ್ವೀಪವಿದೆ. ಹಿಂದೆ ಬಾಲ ಹಂಚುವಾಗ ಆ ಎರಡು ಅಕ್ಷರ ಅದರ ಪಾಲಿಗೆ ಬಂದವು. ಈಗ ಯಂತ್ರಬುದ್ಧಿಯ ಗಾಳಿ ಬೀಸಿ, ಜಗತ್ತಿನ ಕಂಪನಿಗಳೆಲ್ಲ ಆ ದ್ವೀಪದ ಬಾಗಿಲಲ್ಲಿ ಸಾಲು ನಿಂತಿವೆ. ಕುಳಿತಲ್ಲಿಯೇ ದ್ವೀಪದ ಖಜಾನೆ ತುಂಬುತ್ತಿದೆ. ಆ ಗ್ರಾಫು ನೋಡಿದ ದಿನ ಗುರುಸಿದ್ದ ಊಟ ಮಾಡಲಿಲ್ಲ. ಬೆಳಗಾವಿಯ ಕಿರಾಣಿ ಅಂಗಡಿ, ಫೌಂಡ್ರಿ, ಬೀಗರ ಕಲ್ಯಾಣಮಂಟಪ ಎಲ್ಲದರ ಹೆಸರಿಗೂ ಎಐ ಬಾಲ ಹಚ್ಚಿ ಕೊಂಡುಬಿಟ್ಟ.

"ಸರ್," ಎಂದೆ ನಾನು, ಧೈರ್ಯ ಮಾಡಿ. "ನಮ್ಮ ಕಡೆ ಮಂದಿ ಅದನ್ನ ಆಯಿ ಅಂತ ಓದ್ತಾರ್ರಿ."

ನಮ್ಮಲ್ಲಿ ಅಜ್ಜಿಗೆ ಆಯಿ ಎನ್ನುತ್ತಾರೆ. ಮರಾಠಿ ಮನೆಗಳಲ್ಲಿ ತಾಯಿಗೆ.

ನಮ್ಮಲ್ಲಿ ವೆಬ್‌ಸೈಟು ಕಟ್ಟುವ ಇಶ್ತಿಯಾಕ ಕಿಸಕ್ಕನೆ ನಕ್ಕ. "ಖರೇನ ಐತಿ. ಪಾಟೀಲ ಫೌಂಡ್ರಿ ಡಾಟ್ ಆಯಿ! ಕಬ್ಬಿಣಾ ಕರಗಸೂ ಆಯಿ!"

"ನೀ ಗ್ರಾಫ್ ತಗಿ," ಎಂದ ಗುರುಸಿದ್ದ ನನಗೆ. "ಬಾಯಿ ತಗೀಬ್ಯಾಡ."

ತೆಗೆಯಲಿಲ್ಲ.

ಕಾಂತಾ ವೈನಿ ಬಂದದ್ದು ಇದೇ ಹುಚ್ಚಿನ ನಡುವೆ. ಅವಳು ನಮ್ಮ ಖಾನಾಪುರದವಳು, ಊರ ವರಸೆಯಲ್ಲಿ ನನಗೆ ಅತ್ತಿಗೆ, ಸಂಗವ್ವ ಆಯಿಯ ಸೊಸೆ. ಖಾನಾಪುರದ ಮಣ್ಣು ಕುಂಬಾರಿಕೆಗೆ ಒಳ್ಳೆಯದು. ಅತ್ತೆ ಸೊಸೆ ಇಬ್ಬರೂ ಸೇರಿ ಅಡಿಗೆಯ ಗಡಗಿ ಮಾಡುತ್ತಾರೆ. ಪುಣೆ, ಗೋವಾದ ಜನಕ್ಕೆ ಈಗ ಮಣ್ಣಿನ ಪಾತ್ರೆಯ ಸಾರೇ ಆಗಬೇಕು. ಹೋದ ವರ್ಷ ನಮ್ಮಲ್ಲಿ ಡಾಟ್ ಇನ್ ಹೆಸರು ತೆಗೆಸಿ, ಸೈಟು ಕಟ್ಟಿಸಿ, ತಿಂಗಳಾದ ಮೇಲೆ ಸಂತೋಷಕ್ಕೆ ಒಂದು ನೀರಿನ ಗಡಗಿಯನ್ನೂ ಗುರುಸಿದ್ದನಿಗೆ ಕೊಟ್ಟು ಹೋಗಿದ್ದಳು. ಅವನ ಮೇಜಿನ ಮೇಲೆ ಸಿಂಬಿಯೊಳಗೆ ಅದು ಕೂತಿರುತ್ತದೆ.

"ಅಣ್ಣಾರ, ನನ್ನ ಫೋನಿನ್ಯಾಗ ತೆರೀತೈತ್ರಿ. ಮಂದೀ ಫೋನಿನ್ಯಾಗ ತೆರಿಯೂದಿಲ್ಲಂತ," ಎಂದಳು. "ಗಡಗಿ ಒಯ್ದವ್ರು, ತಳದಾಗಿನ ಹೆಸರು ಹಾಕಿದ್ರ ಏನೂ ಬರೂದಿಲ್ಲ ಅಂತ ಬೈತಾರ."

"ತಳದಾಗಿನ ಹೆಸರು?"

"ಹಸಿ ಮಣ್ಣಿನ್ಯಾಗ ಠಸಿ ಒತ್ತೀವಲ್ರಿ. ಸಾತಪ್ಪ ಬಡಿಗ್ಯಾರ ಕಡೆ ಮಾಡಿಸಿದ್ವಿ. ಸಂಗವ್ವನ ಹೆಸರು, ಮುಂದ ಡಾಟ್ ಇನ್."

ಗುರುಸಿದ್ದನ ಕಣ್ಣು ಅರಳಿತು. ಸೈಟು ಯಾಕೆ ತೆರೆಯುವುದಿಲ್ಲ ಎಂದು ನೋಡುವ ಗೊಡವೆ ಅವನಿಗಿರಲಿಲ್ಲ. ಅವನ ತಲೆಗೆ ಹೊಕ್ಕದ್ದು ಬೇರೆ.

"ಅಂದ್ರ ಒತ್ತಿ ಸುಟ್ಟಿರಿ. ಸುಟ್ಟದ್ದು ಅಳಸಾಕ ಬರೂದಿಲ್ಲ, ಹೌದಲ್ಲ?"

"ಹೆಂಗ ಬರತೈತ್ರಿ?"

"ಹಂಗಾದ್ರ ಕೇಳ್ರಿ. ಡಾಟ್ ಇನ್ ಹಳೇದಾತು. ಅದಕ್ಕ ತೆರಿಯವಲ್ದು. ಈಗ ಇಡೀ ಜಗತ್ತ ಎಐಗೆ ಹೊಂಟೈತಿ. ಸಂಗವ್ವ ಡಾಟ್ ಎಐ ನನ್ನ ಕಡೆ ಐತಿ. ಅದನ್ನ ತಗೋರಿ, ಹಳೇ ಹೆಸರೂ ನಿಮ್ಮ ಹೆಸರಿಗೆ ಮಾಡಿ ಕೊಡ್ತೀನಿ."

"ಹಳೇದು ನಮ್ದ ಅಲ್ರಿ?"

"ನಿಮ್ಮ ಸಲುವಾಗಿ ತಗೊಂಡದ್ದು. ನನ್ನ ಹೆಸರಿಗೆ ಐತಿ. ಬ್ಯಾಡಂದ್ರ ಗೋವಾದಾಗ ಒಬ್ಬಾಂವ ಗಡಗಿ ಮಾರ್ತಾನ, ಅವಂಗ ಕೊಡ್ತೀನಿ. ನಿಮ್ಮ ಗಡಗಿ ತಳಾ ನೋಡಿದವ್ರು ಅವನ ಅಂಗಡಿಗೆ ಹೋಗ್ತಾರ. ಸೋಮವಾರ ತನಕಾ ವಿಚಾರ ಮಾಡ್ರಿ."

ಕಾಂತಾ ವೈನಿ ಎದ್ದಳು. ಮಾರಿಹೋದ ಗಡಗಿಗಳೆಲ್ಲ ಅವಳ ಅತ್ತೆಯ ಹೆಸರು ಹೊತ್ತುಕೊಂಡು ಯಾವ ಯಾವುದೋ ಊರಿನ ಒಲೆ ಮೇಲೆ ಕೂತಿದ್ದವು. ಅವನ್ನು ಹಿಂದಕ್ಕೆ ಕರೆಯುವುದು ಹೇಗೆ? ಬಾಗಿಲಲ್ಲಿ ನನ್ನ ಕಡೆ ಒಮ್ಮೆ ನೋಡಿದಳು. ನಾನು ಗ್ರಾಫಿನ ಕಡೆ ನೋಡಿದೆ.

ಮರುದಿನ ಮುಂಜಾನೆ ಎಂದಿನಂತೆ ಗುರುಸಿದ್ದನ ನೀರಿನ ಗಡಗಿ ತೊಳೆಯಲು ಒಯ್ದೆ. ದಿನವೂ ಬರಿಯ ಬಾಯಿ ತೊಳೆದು ತುಂಬಿಸುತ್ತಿದ್ದೆ. ಅಂದು ತಳ ನೋಡಿದೆ. ಕೆಂಪು ಮಣ್ಣಿನಲ್ಲಿ ಇಂಗ್ಲಿಷ್ ಅಕ್ಷರಗಳು ದುಂಡಗೆ ಕೂತಿದ್ದವು. ಒಮ್ಮೆ ಓದಿದೆ, ಇನ್ನೊಮ್ಮೆ ಓದಿದೆ, ಆಮೇಲೆ ನಲ್ಲಿ ನಿಲ್ಲಿಸಿ ಬಾಯಿಗೆ ಸೆರಗು ಹಿಡಿದು ನಕ್ಕೆ.

ಠಸ್ಸೆಯಲ್ಲಿ ಬಡಿಗ ಕಿವಿಗೆ ಕೇಳಿದಂತೆ ಕೆತ್ತಿದ್ದು 'ಸಂಗವ್ವಗಡಗಿ'. ನಮ್ಮ ಕಡೆಯ ಯಾವ ಬಾಯಲ್ಲಿ ಕೇಳಿದರೂ ಅದು ಗಡಗಿಯೇ. ಆದರೆ ಗುರುಸಿದ್ದ ಬಾಯಲ್ಲಿ ಗಡಗಿ ಎಂದರೂ ಕೀಲಿಮಣೆಗೆ ಕೈ ಇಟ್ಟೊಡನೆ ಪಂಡಿತ. ಹೋದ ವರ್ಷ ಹೆಸರು ತೆಗೆಸುವಾಗ ಅವನು ಹೇಳಿದ್ದು ನೆನಪಾಯಿತು: "ಬರಿಯೂವಾಗ ಶುದ್ಧ ಬರೀಬೇಕು. ಗಡಿಗೆ." ಅವನು ನೋಂದಾಯಿಸಿದ್ದು 'ಸಂಗವ್ವಗಡಿಗೆ'. ಡಿ ಆದ ಮೇಲೆ ಎ ಇರಬೇಕಾದಲ್ಲಿ ಐ, ಕೊನೆಗೆ ಐ ಇರಬೇಕಾದಲ್ಲಿ ಇ. ಕಾಂತಾ ವೈನಿಯ ಫೋನಿನಲ್ಲಿ ಇಶ್ತಿಯಾಕ ಮೊದಲೇ ಕೂಡಿಸಿಟ್ಟ ಚಿತ್ರ ಒತ್ತಿದರೆ ಸೈಟು ತೆರೆಯುತ್ತಿತ್ತು, ಅವಳು ಎಂದೂ ಹೆಸರು ಟೈಪು ಮಾಡಿರಲಿಲ್ಲ. ತಳ ನೋಡಿ ಟೈಪು ಮಾಡಿದವರಿಗೆ ಏನೂ ಬಂದಿರಲಿಲ್ಲ.

ಅಂದರೆ ಗುರುಸಿದ್ದ ಬೇಲಿ ಹಾಕಿದ್ದು ಯಾರೂ ತುಳಿಯದ ಜಾಗಕ್ಕೆ. ನಿಜವಾದ ಹೆಸರು ಬಯಲಲ್ಲಿ ಬಿದ್ದಿತ್ತು. ಅವನು ಈ ಗಡಗಿಯನ್ನು ಒಮ್ಮೆ ತಿರುಗಿಸಿ ನೋಡಿದರೆ ಸಾಕು, ಅದಕ್ಕೂ ಬೇಲಿ ಬೀಳುತ್ತದೆ. ಆಫೀಸಿನ ಕಂಪ್ಯೂಟರಿನಲ್ಲಿ ಹುಡುಕುವಂತಿರಲಿಲ್ಲ. ಯಾರು ಯಾವ ಹೆಸರು ಹುಡುಕಿದರು ಎಂದು ಸಂಜೆ ನೋಡುವುದೇ ಅವನ ಸಂಧ್ಯಾವಂದನೆ.

ಗಡಗಿ ತುಂಬಿಸಿ ಅವನೆದುರಿಗೆ ಇಟ್ಟೆ. ಮಧ್ಯಾಹ್ನ ಅವನ ದನಿ ಕೇಳಿ ತಲೆ ಎತ್ತಿದೆ.

"ಏನಿದು, ಟೇಬಲ್ ಎಲ್ಲಾ ಹಸಿ? ತಳಾ ಒಡದೈತೇನು?" ಎರಡೂ ಕೈಯಿಂದ ಗಡಗಿ ಎತ್ತಿ, ಕುತ್ತಿಗೆ ಬಗ್ಗಿಸುತ್ತಿದ್ದ.

"ಸರ್, ನಾ ಒರಸ್ತೀನಿ, ಕೊಡ್ರಿ, ಒಡದಿಲ್ಲ, ಮಣ್ಣ ಬೆವರತೈತಿ," ಎಂದು ಓಡಿಹೋಗಿ ಕೈಯಿಂದಲೇ ಕಿತ್ತುಕೊಂಡೆ. ಆ ಆಫೀಸಿನಲ್ಲಿ ಅಷ್ಟು ಉದ್ದದ ಮಾತು ನಾನು ಎಂದೂ ಆಡಿರಲಿಲ್ಲ.

ಅವನು ನನ್ನನ್ನು ವಿಚಿತ್ರವಾಗಿ ನೋಡಿದ. "ಮಣ್ಣ ಬೆವರತೈತಂತ! ಓದಿದವ್ರ ನೋಡು," ಎಂದು ಇಶ್ತಿಯಾಕನ ಕಡೆ ತಿರುಗಿದ. ಬೆವರಿದ್ದು ನಾನು.

ಸಂಜೆ ಬಸ್ಸಿನಲ್ಲಿ ನನ್ನ ಫೋನಿನಲ್ಲೇ ಹುಡುಕಿದೆ, ಆ ಹೆಸರು ಇನ್ನೂ ಖಾಲಿಯೇ ಇತ್ತು. ಖಾನಾಪುರದಲ್ಲಿ ಬಸ್ಸಿಳಿದವಳು ಮನೆಗೆ ಹೋಗದೆ ಕುಂಬಾರ ಓಣಿಗೆ ಹೋದೆ. ಅಂಗಳದ ಬಾಯಿಯವರೆಗೂ ಕಾಲು ಬಂದವು, ಮುಂದೆ ಬರಲಿಲ್ಲ.

"ಯಾರವಾ ಅಲ್ಲಿ, ಕಂಬದಂಗ ನಿಂತಾಕಿ?" ಒಳಗಿಂದ ಸಂಗವ್ವ ಆಯಿಯ ದನಿ.

"ನಾನ್ರೀ ಆಯಿ. ಪ್ರಮಿಳಾ."

"ಮಾತಾಡಾಕ ಬರತೈತೇನ ನಿನಗ! ನಾ ಮೂಕಿ ಅಂತ ತಿಳ್ಕೊಂಡಿದ್ನಿ. ಬಾ, ಕುಂದರ ಬಾ."

ಹೇಳಿದೆ. ಮೊದಲು ತಪ್ಪಾಗಿ ಹೇಳಿದೆ, ಆಮೇಲೆ ಒಂದು ಗಡಗಿ ಬೋರಲು ಹಾಕಿ ಬೆರಳಿಟ್ಟು ತೋರಿಸಿದೆ. ಕಾಂತಾ ವೈನಿ ಸೊಂಟಕ್ಕೆ ಕೈ ಇಟ್ಟುಕೊಂಡು ನಿಂತುಬಿಟ್ಟಳು.

"ಅಂದ್ರ ಇಷ್ಟ ದಿನಾ ಯಾವದೋ ಗಡಿಗೆ ಮಾರಾಕತ್ತಿದ್ನೇನ ಅಂವಾ?"

"ಹೂಂ, ವೈನಿ. ಈ ಹೆಸರು ಯಾರ ಕಡೆನೂ ಇಲ್ಲ. ಈಗ ತಗೋಬೇಕು. ನಿಮ್ಮ ಫೋನಿನ್ಯಾಗ, ನಿಮ್ಮ ಹೆಸರಿಗೆ."

ಅಲ್ಲೇ ಒಲೆಯ ಬಾಜು ಕೂತು ಮಾಡಿದೆವು. ಫೋನಿಗೆ ಬಂದ ಗುಟ್ಟಿನ ಅಂಕಿಯನ್ನು ಕಾಂತಾ ವೈನಿ ಓಣಿಗೆಲ್ಲ ಕೇಳುವಂತೆ ಓದಿದಳು. ಹೆಸರು ಅವಳದಾಯಿತು. ಇಶ್ತಿಯಾಕನಿಗೆ ಫೋನು ಮಾಡಿ ಸೈಟನ್ನು ಹೊಸ ವಿಳಾಸಕ್ಕೆ ಕಟ್ಟಿಕೊಡುತ್ತೀಯಾ ಎಂದು ಕೇಳಿದೆ. ಅವನು, "ತೌಬಾ ತೌಬಾ, ನೌಕರಿ ಹೋದ್ರ ಗಡಗಿ ಮಾಡಾಕ ಕಲಸ್ತಾರೇನ ಕೇಳು," ಎಂದ. ಕಟ್ಟಿಕೊಟ್ಟ.

"ಮತ್ತ ಆ ಡಾಟ್ ಆಯಿ?" ಎಂದಳು ಸಂಗವ್ವ ಆಯಿ, ಎಲ್ಲ ಕೇಳಿಸಿಕೊಂಡ ಮೇಲೆ. "ನನಗ ಆಯಿ ಅನ್ನಾಕ ಅವಂಗ ರೊಕ್ಕಾ ಕೊಡಬೇಕಂತೇನು? ಓಣಿ ಹುಡುಗ್ರು ಪುಕ್ಕಟ ಅಂತಾವ."

ಸೋಮವಾರ ಕಾಂತಾ ವೈನಿ ಬಂದಳು. ಗುರುಸಿದ್ದ ಕುರ್ಚಿ ಎಳೆದು ಕೊಟ್ಟ, ಚಹಾ ಹೇಳಿದ. ಗಾಳಕ್ಕೆ ಮೀನು ಕಚ್ಚಿದಾಗಲೇ ಅವನಿಗೆ ಮರ್ಯಾದೆ ನೆನಪಾಗುವುದು.

"ಬರ್ರಿ ಬರ್ರಿ, ಕುಂದರ್ರಿ. ಏನ ವಿಚಾರ ಮಾಡಿದ್ರಿ?"

"ಬ್ಯಾಡ್ರಿ."

"ಎಐ ಬ್ಯಾಡಾ?"

"ಯಾವದೂ ಬ್ಯಾಡ್ರಿ. ಡಾಟ್ ಇನ್ ಸುದ್ದಾ ನಿಮಗ ಇರ್ಲಿ."

"ಗೋವಾದಾಂವಗ ಕೊಡ್ತೀನಿ ನೋಡ್ರಿ!"

"ಕೊಡ್ರಿ. ಪಾಪ, ಅವಂಗರ ಉಪಯೋಗ ಆಕ್ಕೈತೇನೋ."

ಅವನು ಒಮ್ಮೆ ಅವಳನ್ನು, ಒಮ್ಮೆ ಇಶ್ತಿಯಾಕನನ್ನು ನೋಡಿದ. ನನ್ನನ್ನು ನೋಡಲಿಲ್ಲ. ನನ್ನನ್ನು ನೋಡುವ ರೂಢಿ ಅವನಿಗಿಲ್ಲ. "ಹುಚ್ಚ ಹಿಡದೈತಿ ನಿಮಗ. ಗಡಗಿ ಮಾಡೂ ಮಂದಿಗೆ ಮಾರ್ಕೆಟ್ ಹೆಂಗ ತಿಳೀಬೇಕು? ನಿಮ್ಮ ಅತ್ತೀ ಹೆಸರು ನನ್ನ ಕಿಸೇದಾಗ ಐತಿ, ತಿಳೀತಿಲ್ಲ?"

ನಾನು ಎದ್ದೆ. ಗಡಗಿ ಎತ್ತಿ, ನೀರನ್ನು ಬಕೆಟ್ಟಿಗೆ ಸುರಿದು, ಅವನ ಎದುರಿಗೆ, ಎಐ ಗ್ರಾಫಿನ ಏರುಗೆರೆಯ ಮೇಲೆ ಬೋರಲು ಇಟ್ಟೆ. ಹಸಿ ತಳದಲ್ಲಿ ಅಕ್ಷರ ಹೊಳೆಯುತ್ತಿದ್ದವು.

ಅವನು ಓದಿದ. ತುಟಿ ಅಲ್ಲಾಡಿಸುತ್ತ, ಸಾಲಿ ಹುಡುಗನ ಹಾಗೆ, ಒಂದೊಂದೇ ಅಕ್ಷರ.

"ಇದು... ತಪ್ಪ ಸ್ಪೆಲ್ಲಿಂಗ್ ಇದು!"

ಮಾತು ಮುಗಿಯುವ ಮೊದಲೇ ಬೆರಳು ಫೋನಿನ ಮೇಲೆ ಓಡುತ್ತಿತ್ತು. ಅಭ್ಯಾಸ. ಅವನ ಕೈಯಲ್ಲಿ ಸೈಟು ತೆರೆಯಿತು, ತೆರೆಯ ತುಂಬ ಸಂಗವ್ವ ಆಯಿ, ಬೊಚ್ಚು ಬಾಯಿ ಬಿಟ್ಟು ನಗುತ್ತಿದ್ದಳು.

"ನಾಳಿಯಿಂದ ಬರಬ್ಯಾಡ," ಎಂದ ನನಗೆ, ತಲೆ ಎತ್ತದೆ.

"ಆತ್ರಿ," ಎಂದು ಊಟದ ಡಬ್ಬಿ ಎತ್ತಿಕೊಂಡೆ. ಗೋಡೆಯ ಮೇಲೆ ಏರುತ್ತಲೇ ಇದ್ದ ಗ್ರಾಫುಗಳೆಲ್ಲ ನನ್ನವೇ. ಒಂದನ್ನೂ ಒಯ್ಯಬೇಕೆನಿಸಲಿಲ್ಲ.

ಕಾಂತಾ ವೈನಿ ಗಡಗಿಯನ್ನು ಒರೆಸಿ ಬಗಲಿಗೆ ಇಟ್ಟುಕೊಂಡಳು. ಆಗ ಅವನಿಗೆ ಎಚ್ಚರವಾಯಿತು.

"ಏ, ಎಲ್ಲಿ ಒಯ್ತೀರಿ? ಅದು ನನಗ ಕೊಟ್ಟ ಗಡಗಿ!"

"ಗಡಗಿ ಅಂದ್ರೀ?" ಎಂದಳು ಅವಳು ಬಾಗಿಲಲ್ಲಿ ತಿರುಗಿ. "ನೀವು ತಗೊಂಡದ್ದು ಗಡಿಗೆ ಅಲ್ರಿ, ಅಣ್ಣಾರ? ಅದನ್ನ ಇಟ್ಕೋರಿ. ನೀರೂ ಅದರಾಗ ತುಂಬಸ್ರಿ."